ಮೊದಲ ಏಟು ಎಲ್ಲಿ ಹೋಯಿತು?

ದೀಪಾವಳಿಯಲ್ಲಿ ಆಟದ ಪಿಸ್ತೂಲಿಗೆ ಕೇಪು ಹಾಕಿ ಹೊಡೆದವರಿಗೆಲ್ಲ ಈ ಅನುಭವ ಇದ್ದೇ ಇರುತ್ತದೆ. ಟಪ್ ಟಪ್ ಎಂದು ಸಿಡಿಯುತ್ತಿದ್ದ ಕೇಪುಗಳ ನಡುವೆ ಒಂದು ಇದ್ದಕ್ಕಿದ್ದಂತೆ ಠುಸ್ ಎನ್ನುತ್ತದೆ. ಅದರ ಮೇಲೇ ಇನ್ನೊಮ್ಮೆ ಹೊಡೆದರೆ ಸಿಡಿಯುತ್ತದೆ. ಮಕ್ಕಳು ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ. ಈ ವಯಸ್ಸಿನಲ್ಲಿ ನಾನು ತಲೆ ಕೆಡಿಸಿಕೊಳ್ಳುವಂತೆ ಮಾಡಿದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ.

ಅವನು ಈಗ ಅಮೆರಿಕದ ಟೆಕ್ಸಾಸಿನಲ್ಲಿದ್ದಾನೆ. ವಾರವೆಲ್ಲ ಕಂಪ್ಯೂಟರ್ ಕೆಲಸ, ರಜೆಯ ದಿನ ಗುರಿ ಹೊಡೆಯುವ ಅಂಗಳ. ಅಲ್ಲಿ ಅದೊಂದು ಸಾಮಾನ್ಯ ಹವ್ಯಾಸ. ಖರ್ಚು ಉಳಿಸಲು ಹಲವರು ಹಾರಿಸಿದ ತೋಟೆಯ ಖಾಲಿ ಹಿತ್ತಾಳೆ ಕೊಳವೆಗಳನ್ನು ಆಯ್ದು ತಂದು, ಮನೆಯಲ್ಲೇ ಹೊಸ ಪ್ರೈಮರ್, ಮದ್ದು, ಗುಂಡು ಹಾಕಿ ಮತ್ತೆ ತುಂಬಿಕೊಳ್ಳುತ್ತಾರಂತೆ. ನಮ್ಮಲ್ಲಿ ಇದು ಹವ್ಯಾಸವಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಆದ್ದರಿಂದ ಇದನ್ನು ಓದುವ ಹುಡುಗರು ಪೆನ್ಸಿಲ್ ಹಿಡಿದು ಲೆಕ್ಕ ಮಾಡಿದರೆ ಸಾಕು.

ಅವನ ಪ್ರಶ್ನೆ ಹೀಗಿತ್ತು: "ಸಾರ್, ನಾನು ತುಂಬಿದ 50 ತೋಟೆಗಳಲ್ಲಿ 9 ಮೊದಲ ಏಟಿಗೆ ಹೊತ್ತಲಿಲ್ಲ. ಸಿಲಿಂಡರ್ ಒಂದು ಸುತ್ತು ಬಂದು ಎರಡನೇ ಏಟು ಬಿದ್ದಾಗ ಒಂಬತ್ತೂ ಹೊತ್ತಿದವು. ಕಾರ್ಖಾನೆಯ ತೋಟೆ ಹಾಕಿದರೆ 50ಕ್ಕೆ 50 ಹೊತ್ತುತ್ತವೆ. ತಪ್ಪು ನನ್ನ ರಿವಾಲ್ವರಿನದೋ, ಪ್ರೈಮರಿನದೋ?"

ಬಂದೂಕಿನ ವಿಚಾರದಲ್ಲಿ ನಾನು ಪಂಡಿತನಲ್ಲ. ಆದರೆ ಪ್ರಶ್ನೆ ಬಂದೂಕಿನದಲ್ಲ, ಶಕ್ತಿಯದು. ಮೊದಲ ಏಟಿನ ಶಕ್ತಿ ಎಲ್ಲಿ ಹೋಯಿತು? ಶಕ್ತಿ ನಾಶವಾಗುವುದಿಲ್ಲ ಎಂದು ಒಂಬತ್ತನೇ ತರಗತಿಯಲ್ಲಿ ಅವನಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದವನು ನಾನೇ ಅಲ್ಲವೇ?

ಪ್ರೈಮರ್ ಎಂದರೆ ತೋಟೆಯ ಬುಡದ ಗುಳಿಯಲ್ಲಿ ಕೂರುವ ಪುಟ್ಟ ಲೋಹದ ಬಟ್ಟಲು. ಅವನ ರಿವಾಲ್ವರ್ .38 ಸ್ಪೆಷಲ್ ಜಾತಿಯದು; ಅದರ ಪ್ರೈಮರಿನ ವ್ಯಾಸ ಸುಮಾರು ನಾಲ್ಕೂವರೆ ಮಿಲಿಮೀಟರ್. ಬಟ್ಟಲೊಳಗೆ ಏಟಿಗೆ ಹೊತ್ತುವ ರಾಸಾಯನಿಕದ ತೆಳು ಪದರ. ಅದರ ಎದುರಿಗೆ ಪುಟ್ಟ ಕಾಲುಗಳಿರುವ ಲೋಹದ ತುಣುಕು. ಕಮ್ಮಾರನ ಕುಲುಮೆಯಲ್ಲಿ ಅಡಿಗಲ್ಲು ಇರುತ್ತದಲ್ಲ, ಇದು ಅದೇ ಕೆಲಸ ಮಾಡುತ್ತದೆ. ಟ್ರಿಗರ್ ಎಳೆದಾಗ ಸ್ಪ್ರಿಂಗಿನ ಬಲದಿಂದ ಸುತ್ತಿಗೆ ಬಡಿದು, ಸೂಜಿ ಬಟ್ಟಲನ್ನು ತಗ್ಗಿಸುತ್ತದೆ. ರಾಸಾಯನಿಕ ಸೂಜಿಗೂ ಅಡಿಗಲ್ಲಿಗೂ ನಡುವೆ ಸಿಕ್ಕಿ ಜಜ್ಜಿಹೋಗಿ ಕಿಡಿಯಾಗುತ್ತದೆ. ಆ ಜ್ವಾಲೆ ಗುಳಿಯ ತಳದ ಸಣ್ಣ ರಂಧ್ರದ ಮೂಲಕ ಹಾಯ್ದು ಮದ್ದನ್ನು ಹೊತ್ತಿಸುತ್ತದೆ.

ಇಷ್ಟು ಸಣ್ಣ ವಸ್ತುವಿಗೆ ದೊಡ್ಡ ಚರಿತ್ರೆಯಿದೆ. ಹಿಂದಿನ ಕೋವಿಗಳಲ್ಲಿ ಚಕಮಕಿ ಕಲ್ಲಿನ ಕಿಡಿ ಹೊರಗಿನ ಬಟ್ಟಲಿನ ಮದ್ದಿಗೆ ತಾಗಬೇಕಿತ್ತು. ಮಳೆ ಬಂದರೆ ಕೆಲಸ ಕೆಟ್ಟಿತು. ಅದೂ ಅಲ್ಲದೆ, ಗುಂಡು ಹೊರಡುವ ಮೊದಲೇ ಬೆಂಕಿಯ ಮಿಂಚು ಕಂಡು ಹಕ್ಕಿಗಳು ಹಾರಿಬಿಡುತ್ತಿದ್ದವು. ಇದರಿಂದ ಬೇಸತ್ತವರಲ್ಲಿ ಸ್ಕಾಟ್ಲೆಂಡಿನ ಬೆಲ್ಹೆಲ್ವಿ ಎಂಬ ಊರಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ ಒಬ್ಬರು. 1800ರಲ್ಲಿ ಎಡ್ವರ್ಡ್ ಹೋವರ್ಡ್ ಲಂಡನ್ನಿನ ರಾಯಲ್ ಸೊಸೈಟಿಗೆ ಪಾದರಸದ ಫಲ್ಮಿನೇಟ್ ಎಂಬ ಸ್ಫೋಟಕವನ್ನು ಪರಿಚಯಿಸಿದ್ದರು. ಏಟಿಗೇ ಸಿಡಿಯುವ ಇಂಥ ಪದಾರ್ಥಗಳನ್ನು ಕೋವಿಗೆ ಒಗ್ಗಿಸಿ ಫೋರ್ಸಿತ್ 1807ರಲ್ಲಿ ಪೇಟೆಂಟ್ ಪಡೆದರು. ಆಮೇಲೆ ಬಂದದ್ದು ತಾಮ್ರದ ಟೋಪಿಯಂಥ ಕ್ಯಾಪು. ನಮ್ಮ ಮಲೆನಾಡಿನ 'ಕೇಪಿನ ಕೋವಿ' ಆ ಹೆಸರನ್ನೇ ಉಳಿಸಿಕೊಂಡಿದೆ.

ಇಂದಿನ ಪ್ರೈಮರಿನ ಎರಡು ಮಾದರಿಗಳು 1866ರ ಸುಮಾರಿನವು. ಅಮೆರಿಕದ ಬರ್ಡನ್ ಮಾದರಿಯಲ್ಲಿ ಅಡಿಗಲ್ಲು ತೋಟೆಗೇ ಅಂಟಿಕೊಂಡಿದ್ದರೆ, ಇಂಗ್ಲೆಂಡಿನ ಬಾಕ್ಸರ್ ಮಾದರಿಯಲ್ಲಿ ಪ್ರೈಮರಿನೊಳಗೇ ಇದೆ. ವಿಚಿತ್ರವೆಂದರೆ ಅಮೆರಿಕನ್ನರು ಇಂಗ್ಲಿಷನ ಮಾದರಿಯನ್ನು ಒಪ್ಪಿಕೊಂಡರು, ಅಮೆರಿಕದವನ ಮಾದರಿ ಯುರೋಪಿನಲ್ಲಿ ಬೇರೂರಿತು! ಬಾಕ್ಸರ್ ಮಾದರಿಯ ತೋಟೆಗೆ ನಡುವೆ ಒಂದೇ ರಂಧ್ರ. ಒಂದು ಕಡ್ಡಿ ತೂರಿಸಿ ಹಳೆಯ ಪ್ರೈಮರನ್ನು ತಳ್ಳಿ ತೆಗೆಯಬಹುದು. ಮನೆಯಲ್ಲಿ ತೋಟೆ ತುಂಬುವ ಹವ್ಯಾಸ ಅಮೆರಿಕದಲ್ಲಿ ಹಬ್ಬಲು ಇದೂ ಒಂದು ಕಾರಣ. ಲಂಡನ್ ಒಲಿಂಪಿಕ್ಸಿನಲ್ಲಿ 2012ರಲ್ಲಿ ನಮ್ಮ ವಿಜಯ್ ಕುಮಾರ್ ಬೆಳ್ಳಿ ಗೆದ್ದರಲ್ಲ, ಆ 25 ಮೀಟರ್ ಸ್ಪರ್ಧೆಯ .22 ತೋಟೆಯಲ್ಲಿ ಈ ಬಟ್ಟಲೇ ಇಲ್ಲ. ರಾಸಾಯನಿಕ ಬುಡದ ಅಂಚಿನ ಮಡಿಕೆಯೊಳಗಿರುತ್ತದೆ. ಅದನ್ನು ಮನೆಯಲ್ಲಿ ಮತ್ತೆ ತುಂಬುವಂತಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಪ್ರೈಮರ್ ಎಷ್ಟು ಏಟಿಗೆ ಹೊತ್ತುತ್ತದೆ ಎಂದು ಪರೀಕ್ಷಿಸಲು ಕಾರ್ಖಾನೆಗಳಲ್ಲಿ ತೂಕ ಗೊತ್ತಿರುವ ಉಕ್ಕಿನ ಗುಂಡನ್ನು ಬೇರೆ ಬೇರೆ ಎತ್ತರಗಳಿಂದ ಸೂಜಿಯ ಮೇಲೆ ಬೀಳಿಸುತ್ತಾರೆ. ಉದಾಹರಣೆಗೆಂದು 50 ಗ್ರಾಂ ಗುಂಡು 30 ಸೆಂ.ಮೀ. ಎತ್ತರದಿಂದ ಬಿತ್ತೆನ್ನಿ. ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಮೂರನ್ನೂ ಗುಣಿಸಿ: 0.05 × 9.8 × 0.3 = 0.147 ಜೂಲ್. ನೂರು ಗ್ರಾಂ ತೂಕದ ಟೊಮೆಟೊ 15 ಸೆಂ.ಮೀ. ಎತ್ತರದಿಂದ ಬಿದ್ದರೂ ಇಷ್ಟೇ ಶಕ್ತಿ. ಶಕ್ತಿ ಇಷ್ಟು ಚಿಕ್ಕದಾಗಿರುವಾಗ ಅದರಲ್ಲಿ ಸ್ವಲ್ಪ ಪೋಲಾದರೂ ಪ್ರೈಮರ್ ಹೊತ್ತದೆ ಉಳಿಯಬಹುದು.

ಪೋಲಾಗುವುದು ಹೇಗೆ? ಒಣ ಅಡಿಕೆಯನ್ನು ಕಲ್ಲಿನ ಮೇಲಿಟ್ಟು ಜಜ್ಜಿ, ಒಡೆಯುತ್ತದೆ. ಅದೇ ಅಡಿಕೆಯನ್ನು ಹತ್ತಿಯ ಹಾಸಿಗೆಯ ಮೇಲಿಟ್ಟು ಅಷ್ಟೇ ಜೋರಾಗಿ ಹೊಡೆಯಿರಿ, ಹಾಸಿಗೆ ತಗ್ಗುತ್ತದೆಯೇ ಹೊರತು ಅಡಿಕೆಗೆ ಏನೂ ಆಗದು. ಪ್ರೈಮರಿನ ಅಡಿಗಲ್ಲಿನ ಕಾಲುಗಳು ಗುಳಿಯ ತಳವನ್ನು ಗಟ್ಟಿಯಾಗಿ ಮುಟ್ಟಿರಬೇಕು. ಮುಟ್ಟದೆ ಕೂದಲೆಳೆಯಷ್ಟು ಮೇಲೆ ನಿಂತಿದ್ದರೆ, ಮೊದಲ ಏಟು ಪ್ರೈಮರನ್ನೇ ಒಳಕ್ಕೆ ತಳ್ಳುವುದರಲ್ಲಿ ಮುಗಿದುಹೋಗುತ್ತದೆ. ಈಗ ಕಾಲುಗಳು ತಳ ಮುಟ್ಟಿವೆ. ಎರಡನೇ ಏಟಿಗೆ ಹೊತ್ತದೆ ಇನ್ನೇನು ಮಾಡೀತು?

ಆದರೆ ಒಂದು ಸೂಚನೆಯಿಂದಲೇ ತೀರ್ಪು ಕೊಡುವುದು ವಿಜ್ಞಾನವಲ್ಲ. ಸುತ್ತಿಗೆಯ ಸ್ಪ್ರಿಂಗ್ ಸಡಿಲವಾಗಿದ್ದರೂ ಪ್ರೈಮರ್ ಹೊತ್ತದೆ ಉಳಿಯಬಹುದು. ಕೇಳಿದರೆ, ಟ್ರಿಗರ್ ಹಗುರಾಗಲೆಂದು ಸ್ಪ್ರಿಂಗ್ ಬದಲಿಸಿದ್ದು ನಿಜ ಎಂದು ಒಪ್ಪಿಕೊಂಡ. ಆದರೂ ಅದೇ ಸ್ಪ್ರಿಂಗಿನಲ್ಲಿ ಕಾರ್ಖಾನೆಯ ತೋಟೆ 50ಕ್ಕೆ 50 ಹೊತ್ತಿದ್ದವು. ಅಂದಮೇಲೆ ತಪ್ಪೆಲ್ಲ ಸ್ಪ್ರಿಂಗಿನದಲ್ಲ. ಅವನು ತುಂಬಿದ ತೋಟೆಯಲ್ಲೂ ಏನೋ ಇದೆ. ಪಿಸ್ತೂಲಿನದರ ಬದಲು ರೈಫಲ್ಲಿನ ಪ್ರೈಮರ್ ಹಾಕಿದರೂ ಹೀಗಾಗಬಹುದು, ಅದರ ಬಟ್ಟಲು ದಪ್ಪ. ಹಾಕಿರಲಿಲ್ಲ. ಎಣ್ಣೆ ಇಳಿದು ರಾಸಾಯನಿಕ ಕೆಟ್ಟಿದ್ದರೆ ಎರಡನೇ ಏಟಿಗೂ ಏಳುವುದು ಕಷ್ಟ.

"ತುಂಬಿದ ತೋಟೆಗಳನ್ನು ಗಾಜಿನ ಮೇಜಿನ ಮೇಲೆ ಬುಡ ಊರಿ ನಿಲ್ಲಿಸಿ ನೋಡು" ಎಂದೆ. ಸರಿಯಾಗಿ ಕೂತ ಪ್ರೈಮರ್ ಬುಡದ ಮಟ್ಟಕ್ಕಿಂತ ಚೂರು ಒಳಗಿರುತ್ತದೆ, ಸುಮಾರು ಮಿಲಿಮೀಟರಿನ ಹತ್ತನೇ ಒಂದು ಭಾಗ. ಹೊರಗೆ ಉಬ್ಬಿದ್ದರೆ ತೋಟೆ ಕುಂಟು ಕಾಲಿನ ಕುರ್ಚಿಯಂತೆ ಅಲುಗಾಡುತ್ತದೆ. ಅವನ ಹೊಸ 50ರಲ್ಲಿ ಏಳು ಅಲುಗಾಡಿದವು. ಕೂಡಲೇ ಫೋನ್ ಮಾಡಿ, "ಅವನ್ನು ಒತ್ತಿ ಒಳಗೆ ಕೂರಿಸಲೇ ಸಾರ್?" ಎಂದ. ನನ್ನ ಎದೆ ಧಸಕ್ಕೆಂದಿತು. ಏಟಿಗೆ ಸಿಡಿಯಲೆಂದೇ ಮಾಡಿದ ವಸ್ತುವನ್ನು, ಮದ್ದು ಗುಂಡು ತುಂಬಿದ ಮೇಲೆ ಒತ್ತುವುದೇ? ಖಂಡಿತ ಕೂಡದು ಎಂದೆ. ಆ ಏಳನ್ನೂ ಬೇರೆ ಇಡಿಸಿದೆ.

ಅವನು ಇನ್ನೊಂದು ತಪ್ಪನ್ನೂ ಮಾಡಿದ್ದ. ಹೊತ್ತದಿದ್ದಾಗ ತಡೆಯದೆ ಮತ್ತೆ ಮತ್ತೆ ಟ್ರಿಗರ್ ಎಳೆದಿದ್ದ. ಇದಕ್ಕೆ ಮಾತ್ರ ನಾನು ಅವನನ್ನು ಚೆನ್ನಾಗಿ ಬೈದೆ. ಕಾರಣವಿದೆ.

ನಾನು ಚಿಕ್ಕವನಿದ್ದಾಗ, 1970ರ ದಶಕದಲ್ಲಿ, ನಮ್ಮ ದೊಡ್ಡಪ್ಪನ ಮನೆಯಲ್ಲಿ ಒಂದು ಕೇಪಿನ ಕೋವಿ ಇತ್ತು. ಅಡಿಕೆ ತೋಟಕ್ಕೆ ನುಗ್ಗುವ ಮಂಗಗಳನ್ನು ಬೆದರಿಸಲು ಈಡು ಹಾರಿಸುತ್ತಿದ್ದರು. ಒಂದು ಮಳೆಗಾಲ ಕೇಪು ಚಿಟ್ ಎಂದಿತು, ಕೋವಿ ಸುಮ್ಮನಾಯಿತು. ನಾನು ಓಡಿ ಹತ್ತಿರ ಹೋದೆ. ದೊಡ್ಡಪ್ಪ ನನ್ನತ್ತ ತಿರುಗಲೇ ಇಲ್ಲ. ನಳಿಗೆಯನ್ನು ಹಲಸಿನ ಮರದತ್ತಲೇ ಹಿಡಿದು, "ಅಲ್ಲೇ ನಿಲ್ಲೋ!" ಎಂದು ಗದರಿದರು. ಆ ಮಾತು ಮುಗಿಯುವಷ್ಟರಲ್ಲಿ ಕೋವಿ ಢಂ ಎಂದಿತು. ಕಿಡಿ ಒದ್ದೆ ಮದ್ದಿನಲ್ಲಿ ನಿಧಾನವಾಗಿ ಹರಿದಿತ್ತು, ಅಷ್ಟೆ. ಅವರು ನನ್ನತ್ತ ತಿರುಗಿದ್ದರೆ ಈ ಲೇಖನ ಬರೆಯಲು ನಾನು ಇರುತ್ತಿರಲಿಲ್ಲ.

ಇಂದಿನ ತೋಟೆಗಳಲ್ಲಿ ಇಂಥ ವಿಳಂಬ ಅಪರೂಪ, ಆದರೆ ಇಲ್ಲವೆಂದಲ್ಲ. ಹೊತ್ತದಿದ್ದರೆ ನಳಿಗೆಯನ್ನು ಗುರಿಯತ್ತಲೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಬೇಕೆಂಬ ನಿಯಮ ಗುರಿ ಅಂಗಳಗಳಲ್ಲಿ ಇರುವುದು ಇದಕ್ಕೇ. ಇನ್ನೊಂದು ಅಪಾಯ ಇದಕ್ಕಿಂತ ಕಳ್ಳತನದ್ದು. ಮದ್ದು ಹಾಕಲು ಮರೆತ ತೋಟೆಯಲ್ಲಿ ಪ್ರೈಮರ್ ಮಾತ್ರ ಹೊತ್ತಿ, ಗುಂಡು ನಳಿಗೆಯ ನಡುವೆ ಸಿಕ್ಕಿಕೊಳ್ಳಬಹುದು. ಕೇಳಿಸುವುದು ಸಣ್ಣ ಪಟ್ ಶಬ್ದ ಮಾತ್ರ. ಠುಸ್ ಆಯಿತೆಂದು ಮತ್ತೊಂದನ್ನು ಹಾರಿಸಿದರೆ ನಳಿಗೆಯೇ ಸೀಳಬಹುದು. ಹೊತ್ತದ ಪಟಾಕಿಯ ಮೇಲೆ ಬಗ್ಗಿ ನೋಡಿ, ಪ್ರತಿ ದೀಪಾವಳಿಗೆ ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆ ಸೇರುವ ಮಕ್ಕಳನ್ನು ಕಂಡ ತಂದೆತಾಯಿಗಳಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಕೊನೆಗೆ ಕಾರಣ ಸಿಕ್ಕಿತು. ಖಾಲಿ ಕೊಳವೆಗಳ ಗುಳಿಯಲ್ಲಿ ಹಳೆಯ ಪ್ರೈಮರಿನ ಕರಿ ಗಟ್ಟಿಯಾಗಿ ಅಂಟಿಕೊಂಡಿತ್ತು. ಹೊಸ ಪ್ರೈಮರ್ ಆ ಕರಿಯ ಮೇಲೇ ಕೂತು, ತಳ ಸಿಕ್ಕಿತೆಂಬ ಭ್ರಮೆ ಹುಟ್ಟಿಸುತ್ತಿತ್ತು. ಗುಳಿ ಕೆರೆದು ಶುಚಿ ಮಾಡಿದ, ಸ್ಪ್ರಿಂಗ್ ಮುಟ್ಟಲಿಲ್ಲ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲವೆಂದು ನಾನೇ ತಡೆದಿದ್ದೆ. ಹೊಸದಾಗಿ ತುಂಬಿದ 100ರಲ್ಲಿ 99 ಮೊದಲ ಏಟಿಗೇ ಹೊತ್ತಿದವು. ಆಮೇಲೆ ಹಳೆಯ ಸ್ಪ್ರಿಂಗನ್ನೂ ಮತ್ತೆ ಹಾಕಿಕೊಂಡನಂತೆ.

ಉಳಿದ ಆ ಒಂದು ತೋಟೆ 30 ಸೆಕೆಂಡು ಕಾದರೂ ಹೊತ್ತಲಿಲ್ಲ, ಎರಡನೇ ಏಟಿಗೂ ಏಳಲಿಲ್ಲ. ಬಿಚ್ಚಿ ನೋಡಲೇ ಎಂದು ಕೇಳಿದ. ನನಗೂ ಕುತೂಹಲವಿತ್ತು, ಸುಳ್ಳು ಹೇಳುವುದೇಕೆ. ಆದರೂ ಬೇಡ ಎಂದೆ. ಅಂಗಳದಲ್ಲಿ ಇಂಥವನ್ನು ಹಾಕಲೆಂದೇ ಒಂದು ಡಬ್ಬಿ ಇಟ್ಟಿರುತ್ತಾರಂತೆ. ಅದರಲ್ಲಿ ಹಾಕಿ ಬಂದ.