ಪೈಲಟ್ ತೋಳಿನ ಬಲವೆಷ್ಟು?

1940ರಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ಜರ್ಮನಿಯ ಮೆಸ್ಸರ್‌ಸ್ಮಿಟ್ 109 ಯುದ್ಧವಿಮಾನದ ಬೆನ್ನು ಹತ್ತಿದ ಬ್ರಿಟಿಷ್ ಸ್ಪಿಟ್‌ಫೈರ್ ಪೈಲಟ್‌ಗಳಿಗೆ ಒಂದು ಪೀಕಲಾಟವಿತ್ತು. ಎದುರಾಳಿ ಸಟ್ಟನೆ ಮೂತಿ ತಗ್ಗಿಸಿ ಕೆಳಕ್ಕೆ ಧುಮುಕಿಬಿಡುತ್ತಿದ್ದ. ತಾವೂ ಹಾಗೆಯೇ ಮೂತಿ ತಗ್ಗಿಸಿದರೆ ಎಂಜಿನ್ ಕೆಮ್ಮಿ ಸುಮ್ಮನಾಗುತ್ತಿತ್ತು.

ಹಳೆಯ ಬೈಕಿನ ಕಾರ್ಬ್ಯುರೇಟರ್ ಬಿಚ್ಚಿ ನೋಡಿದವರಿಗೆ ಕಾರಣ ಬೇಗ ಹೊಳೆಯುತ್ತದೆ. ಅದರೊಳಗಿನ ಪುಟ್ಟ ಬಟ್ಟಲಲ್ಲಿ ಪೆಟ್ರೋಲು ತಳದಲ್ಲಿರುತ್ತದೆ, ಮೇಲೊಂದು ತೇಲುಬುರುಡೆ. ಸ್ಪಿಟ್‌ಫೈರ್ ಎಂಜಿನ್‌ನಲ್ಲೂ ಇಂಥದೇ ಕಾರ್ಬ್ಯುರೇಟರ್. ವಿಮಾನ ಹಠಾತ್ತನೆ ಮೂತಿ ತಗ್ಗಿಸಿದಾಗ ಪೆಟ್ರೋಲು ಬಟ್ಟಲಿನ ಮೇಲ್ಭಾಗಕ್ಕೆ ಚಿಮ್ಮುತ್ತದೆ. ಎಂಜಿನ್‌ಗೆ ಮೊದಲು ಉಪವಾಸ, ಮರುಗಳಿಗೆಯಲ್ಲೇ ಅಜೀರ್ಣ. ಜರ್ಮನ್ ಎಂಜಿನ್ ಪೆಟ್ರೋಲನ್ನು ನೇರ ಸಿಲಿಂಡರಿಗೇ ಚುಚ್ಚುತ್ತಿದ್ದುದರಿಂದ ಅದಕ್ಕೆ ಈ ಕಾಟವಿರಲಿಲ್ಲ. ಫಾರ್ನ್‌ಬರೋ ಸಂಶೋಧನಾ ಕೇಂದ್ರದ ಎಂಜಿನಿಯರ್ ಬಿಯಾಟ್ರಿಸ್ ಶಿಲ್ಲಿಂಗ್ 1941ರಲ್ಲಿ ಕಂಡುಕೊಂಡ ಪರಿಹಾರ ನಡುವೆ ತೂತಿರುವ ಒಂದು ಲೋಹದ ಬಿಲ್ಲೆ. ಇಷ್ಟು ಅಗ್ಗದ ರಿಪೇರಿ ಯುದ್ಧದ ಇತಿಹಾಸದಲ್ಲಿ ಅಪರೂಪ.

ಈಗ ಎಂಜಿನ್‌ನ ಈ ಕೆಮ್ಮನ್ನು ವಿಮಾನ ಹಾರಿಸುವ ಕಂಪ್ಯೂಟರ್ ಆಟಕ್ಕೆ ತರಬೇಕು ಎನ್ನಿ. ಸುಲಭದ ದಾರಿ: ಮೂತಿ ತಗ್ಗಿದರೆ ಎಂಜಿನ್ ಆರಿಸು ಎಂದು ಒಂದು ಸಾಲು ಬರೆಯುವುದು. ಕಷ್ಟದ ದಾರಿ: ಬಟ್ಟಲಿನಲ್ಲಿ ಪೆಟ್ರೋಲು ಎಲ್ಲಿದೆ ಎಂದು ಕ್ಷಣಕ್ಷಣಕ್ಕೂ ಲೆಕ್ಕ ಹಾಕುವುದು. ನೇರವಾಗಿ ಮೂತಿ ತಗ್ಗಿಸಿದಾಗ ಎರಡರ ಫಲವೂ ಒಂದೇ. ಆದರೆ ಅಂದಿನ ಪೈಲಟ್‌ಗಳು ವಿಮಾನವನ್ನು ಮೊದಲು ತಲೆಕೆಳಗು ಮಾಡಿ, ಆಮೇಲೆ ವಿಮಾನ ನಡೆಸುವ ಕೋಲು ಎಳೆದು ಧುಮುಕುವ ಉಪಾಯ ಕಲಿತಿದ್ದರು. ಹಾಗೆ ಮಾಡಿದರೆ ಪೆಟ್ರೋಲು ತಳಬಿಟ್ಟು ಕದಲದು. ಮೊದಲ ಬಗೆಯ ಆಟದಲ್ಲಿ ಈ ಉಪಾಯಕ್ಕೂ ಎಂಜಿನ್ ಆರಿಹೋಗುತ್ತದೆ. ಎರಡನೆಯದರಲ್ಲಿ, ಯಾರೂ ಬರೆದಿಡದಿದ್ದರೂ, ಅದು ಫಲಿಸುತ್ತದೆ. ಆಟದೊಳಗೆ ವಿಮಾನದ ಹಾರಾಟವನ್ನು ಲೆಕ್ಕ ಹಾಕುವ ಫ್ಲೈಟ್ ಮಾಡೆಲ್‌ನ ಯೋಗ್ಯತೆ ಅಳೆಯಲು ನನಗಂತೂ ಇಂಥ ಪರೀಕ್ಷೆಯೇ ಮೆಚ್ಚು. ಗರಿಷ್ಠ ವೇಗ ಪುಸ್ತಕದಲ್ಲಿದ್ದಷ್ಟೇ ಬಂತು ಎಂದು ಬೀಗುವುದರಲ್ಲಿ ಹೆಚ್ಚುಗಾರಿಕೆಯಿಲ್ಲ. ಒಂದೆರಡು ಅಂಕಿ ತಿದ್ದಿದರೆ ಅದು ಬರುತ್ತದೆ.

ರೆಕ್ಕೆಯ ಕಥೆಯೂ ಹೀಗೇ. ಗಾಳಿಗೆ ರೆಕ್ಕೆ ಒಡ್ಡಿದ ಕೋನ ಹೆಚ್ಚಿದಂತೆ ಎತ್ತುವ ಬಲವೂ ಹೆಚ್ಚುತ್ತದೆ. ಸುಮಾರು 15 ಡಿಗ್ರಿ ದಾಟಿದರೆ ಗಾಳಿ ರೆಕ್ಕೆಯ ಬೆನ್ನು ಬಿಟ್ಟು ಚದುರುತ್ತದೆ, ಬಲ ಕುಸಿಯುತ್ತದೆ. ಇದೇ ಸ್ಟಾಲ್. ಇಡೀ ರೆಕ್ಕೆಗೆ ಒಂದೇ ಲೆಕ್ಕ ಹಾಕುವ ಆಟದಲ್ಲಿ ಎರಡೂ ಬದಿ ಒಟ್ಟಿಗೆ ಸೋಲುತ್ತವೆ. ರೆಕ್ಕೆಯನ್ನು ತುಂಡುತುಂಡಾಗಿ ಎಣಿಸಿದರೆ ಒಂದು ಬದಿ ಮೊದಲು ಸೋತು, ವಿಮಾನ ಆ ಕಡೆಗೆ ಮಗುಚಿ, ಬುಗುರಿಯಂತೆ ಸುತ್ತತೊಡಗುತ್ತದೆ.

ಇವೆಲ್ಲ ವಿಮಾನದ ಮಾತಾಯಿತು. ಒಳಗೆ ಕೂತವನ ಗತಿ? ಕೈವಶವಾಗಿದ್ದ 109ನ್ನು ಬ್ರಿಟಿಷರು 1940ರಲ್ಲಿ ಫಾರ್ನ್‌ಬರೋದಲ್ಲಿ ಹಾರಿಸಿ ಪರೀಕ್ಷಿಸಿದರು. ಗಂಟೆಗೆ 400 ಮೈಲಿ, ಅಂದರೆ ಸುಮಾರು 640 ಕಿ.ಮೀ. ವೇಗದಲ್ಲಿ ವಿಮಾನ ವಾಲಿಸುವ ಐಲರಾನ್‌ಗಳು ಗಾಳಿಯ ಒತ್ತಡಕ್ಕೆ ಸೆಟೆದುಕೊಂಡವು. ಪೈಲಟ್ ಮೈಯ ಬಲವನ್ನೆಲ್ಲ ಹಾಕಿದರೂ ಅವು ಪೂರ್ತಿ ತಿರುವಿನ ಐದರಲ್ಲೊಂದು ಪಾಲಷ್ಟೇ ಕದಲಿದವು. 45 ಡಿಗ್ರಿ ವಾಲಲು 4 ಸೆಕೆಂಡು ಬೇಕಾಯಿತು. ಕಾಕ್‌ಪಿಟ್ ಎಷ್ಟು ಇಕ್ಕಟ್ಟೆಂದರೆ ಮೊಣಕೈ ಅಗಲಿಸಿ ಕೋಲು ತಳ್ಳಲೂ ಜಾಗವಿಲ್ಲ. ತಮಾಷೆಯೆಂದರೆ ಆಗಿನ ಸ್ಪಿಟ್‌ಫೈರ್‌ನ ಪಾಡೂ ಅದೇ: ಐದರಲ್ಲೊಂದು ಪಾಲು, 4 ಸೆಕೆಂಡು. ಬಟ್ಟೆ ಹೊದಿಸಿದ ಐಲರಾನ್ ತೆಗೆದು ಲೋಹದ ಹೊದಿಕೆಯದನ್ನು ಕೂರಿಸಿದ ಮೇಲೆ ಅದರ ಕೋಲು ಹಗುರಾಯಿತು.

ಹಾಗಾಗಿ ಆಟ ಬರೆಯುವವನು ಪೈಲಟ್‌ನ ತೋಳಿಗೂ ಒಂದು ಅಂಕಿ ಕೊಡಲೇಬೇಕು. ನಮ್ಮ ಮೇಜಿನ ಮೇಲಿನ ಜಾಯ್‌ಸ್ಟಿಕ್‌ನ ಸ್ಪ್ರಿಂಗಿಗೆ 200 ಕಿ.ಮೀ. ವೇಗವೂ ಒಂದೇ, 640 ಕಿ.ಮೀ. ವೇಗವೂ ಒಂದೇ. ಕಿರುಬೆರಳಲ್ಲಿ ಅದನ್ನು ಅಂಚಿಗೆ ವಾಲಿಸಬಹುದು. ಆಟ ಪ್ರಾಮಾಣಿಕವಾಗಿದ್ದರೆ, ಪರದೆಯೊಳಗಿನ ಕೋಲು ಅಷ್ಟು ದೂರ ಹಿಂಬಾಲಿಸದೆ ನಡುವೆಯೇ ನಿಂತುಬಿಡುತ್ತದೆ. ಹೊಸ ಆಟಗಾರ ಆಗ ಜಾಯ್‌ಸ್ಟಿಕ್ ಕೆಟ್ಟಿದೆಯೆಂದು ಅದರ ತಂತಿ ಕಿತ್ತು ಮತ್ತೆ ಚುಚ್ಚಿ ನೋಡುತ್ತಾನೆ.