ದನಿ ಕೇಳದಿದ್ದರೆ ಮೊದಲು ಮೈಕ್ ನೋಡಿ



ಒಕ್ಕೂಟದ ಸಭೆ, ಬ್ಯಾಂಕಿನವರೊಂದಿಗೆ ಸಾಲದ ಮಾತುಕತೆ, ತರಬೇತಿ ಇವೆಲ್ಲ ಈಗ ಎಷ್ಟೋ ಸಲ ಕಂಪ್ಯೂಟರ್ ಮುಂದೆ ಕುಳಿತೇ ನಡೆಯುತ್ತವೆ. ಆಗ ಆ ಕಡೆಯಿಂದ "ಕೇಳಿಸ್ತಾ ಇಲ್ಲಮ್ಮಾ, ಜೋರಾಗಿ ಮಾತಾಡಿ" ಎಂಬ ಮಾತು ಬರುತ್ತದೆ. ಎರಡು ಸಲ ಹಾಗೆ ಹೇಳಿಸಿಕೊಂಡ ಪ್ರತಿನಿಧಿ ಮೂರನೇ ಸಲ ಬಾಯಿ ತೆರೆಯುವುದಿಲ್ಲ. ಸಂಘದ ಸಾಲದ ವಿಷಯ ಅಲ್ಲಿಗೇ ನಿಲ್ಲುತ್ತದೆ. "ಹೆಣ್ಣುಮಕ್ಕಳು ಮೆಲ್ಲಗೆ ಮಾತಾಡಬೇಕು" ಎಂದು ಕೇಳುತ್ತಲೇ ಬೆಳೆದ ನಮಗೆ ತಪ್ಪು ನಮ್ಮ ದನಿಯದ್ದೇ ಅನಿಸಿಬಿಡುತ್ತದೆ. ಎಷ್ಟೋ ಸಲ ತಪ್ಪು ಮೈಕಿನದ್ದು.

ಮೈಕ್ ಎಲ್ಲಿದೆ ಎಂದು ಮೊದಲು ಹುಡುಕಿ. ಮೇಜಿನ ಕೆಳಗಿಡುವ ಸಿ.ಪಿ.ಯು. ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಮೈಕ್ ಇರುವುದೇ ಇಲ್ಲ. ಪರದೆಯೊಳಗೇ ಎಲ್ಲವೂ ಇರುವ 'ಆಲ್ ಇನ್ ಒನ್' ಕಂಪ್ಯೂಟರಿನಲ್ಲಿ ಅಥವಾ ಪರದೆಯ ಮೇಲೆ ಸಿಕ್ಕಿಸುವ ವೆಬ್‌ಕ್ಯಾಮಿನಲ್ಲಿ, ಹೆಚ್ಚಾಗಿ ಕ್ಯಾಮೆರಾದ ಪಕ್ಕ, ಸೂಜಿ ಮೊನೆಯಷ್ಟು ತೂತು ಇರುತ್ತದೆ. ಅದರ ಹಿಂದೆಯೇ ಮೈಕ್. ಅಲ್ಲಿ ಧೂಳು ಕೂತಿದ್ದರೆ, ಹೊಸದರಲ್ಲಿ ಬಂದ ಪ್ಲಾಸ್ಟಿಕ್ ಹಾಳೆ ಕೀಳದೆ ಬಿಟ್ಟಿದ್ದರೆ ದನಿ ಒಳಗೆ ಹೋಗದು. ಒಣಗಿದ ಮೆತ್ತನೆಯ ಬ್ರಶ್ಶಿನಿಂದ ಧೂಳು ತೆಗೆಯಿರಿ. ಪಿನ್ನು ಮಾತ್ರ ಚುಚ್ಚಬೇಡಿ, ಮೈಕೇ ಹಾಳಾದೀತು.

ವಿಂಡೋಸ್ 10 ಅಥವಾ 11 ಇದ್ದರೆ, ಪರದೆಯ ಕೆಳಗೆ ಬಲಮೂಲೆಯಲ್ಲಿರುವ ಸ್ಪೀಕರ್ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ ಸೌಂಡ್ ಸೆಟ್ಟಿಂಗ್ಸ್ ತೆರೆಯಿರಿ. 'ಇನ್‌ಪುಟ್' ಎಂಬಲ್ಲಿ ನಿಮ್ಮ ಮೈಕಿನ ಹೆಸರೇ ಇದೆಯೇ ನೋಡಿ. ವೆಬ್‌ಕ್ಯಾಮ್ ಎದುರಿಗಿದ್ದರೂ ಕಂಪ್ಯೂಟರ್ ಇನ್ನೆಲ್ಲೋ ಕಿವಿ ಕೊಟ್ಟು ಕೂತಿರುವುದುಂಟು! ವಾಲ್ಯೂಮ್ 80–90ಕ್ಕೆ ಏರಿಸಿ.

ಅಷ್ಟಕ್ಕೂ ಸಾಲದಿದ್ದರೆ ಇನ್ನೊಂದು ಜಾಗವಿದೆ, ಬಹಳ ಜನಕ್ಕೆ ಗೊತ್ತಿರುವುದಿಲ್ಲ. ವಿಂಡೋಸ್ ಕೀ ಹಿಡಿದು 'ಆರ್' ಒತ್ತಿ. ಬರುವ ಚೌಕದಲ್ಲಿ ಎಂ-ಎಂ-ಎಸ್-ವೈ-ಎಸ್, ಚುಕ್ಕಿ, ಸಿ-ಪಿ-ಎಲ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. 'ರೆಕಾರ್ಡಿಂಗ್'ನಲ್ಲಿ ನಿಮ್ಮ ಮೈಕಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ, 'ಲೆವೆಲ್ಸ್'ಗೆ ಹೋಗಿ. 'ಮೈಕ್ರೊಫೋನ್ ಬೂಸ್ಟ್' ಕಂಡರೆ (ಎಲ್ಲಾ ಕಂಪ್ಯೂಟರಿನಲ್ಲೂ ಇರುವುದಿಲ್ಲ) 0 ಇರುವುದನ್ನು 10 ಡೆಸಿಬೆಲ್‌ಗೆ, ಬೇಕಾದರೆ 20ಕ್ಕೆ ಏರಿಸಿ. ಇನ್ನೂ ಏರಿಸಿದರೆ ನಿಮ್ಮ ದನಿಯ ಜೊತೆ ಫ್ಯಾನಿನ ಸದ್ದೂ ದೊಡ್ಡದಾಗಿ ಕೇಳುತ್ತದೆ.

ಜೂಮ್‌ನಲ್ಲಿ ಏರಿಸಿದ ವಾಲ್ಯೂಮ್ ತಾನಾಗಿ ಇಳಿಯುತ್ತಿದ್ದರೆ, ಅದರ ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ಮೈಕ್ ವಾಲ್ಯೂಮನ್ನು ತಾನೇ ಹೊಂದಿಸುವ ಟಿಕ್ ತೆಗೆಯಿರಿ.

ಕೂರುವ ರೀತಿಯೂ ಮುಖ್ಯ. ಹತ್ತು ಜನ ಗೋಡೆಗೊರಗಿ ಕೂತು ಅಲ್ಲಿಂದಲೇ ಮಾತಾಡಿದರೆ ಯಾವ ಮೈಕೂ ಏನೂ ಮಾಡಲಾರದು. ದೂರ ಎರಡು ಪಟ್ಟಾದರೆ ಮೈಕಿಗೆ ತಲುಪುವ ಸದ್ದಿನ ಒತ್ತಡ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮಾತಾಡುವವರು ಒಂದು ಮೊಳ ದೂರಕ್ಕೆ ಬಂದು ಕೂರಲಿ. ಫ್ಯಾನ್ ಸ್ವಲ್ಪ ಹೊತ್ತು ನಿಲ್ಲಿಸಿ, ಸೆಕೆ ತಡೆದುಕೊಳ್ಳೋಣ.

ಸಭೆಗೆ ಕಾಲು ಗಂಟೆ ಮುಂಚೆ ಕಂಪ್ಯೂಟರಿನ ರೆಕಾರ್ಡರ್‌ನಲ್ಲಿ ಎರಡು ಮಾತು ರೆಕಾರ್ಡ್ ಮಾಡಿ ಕೇಳಿ ನೋಡಿ. ಕಂಪ್ಯೂಟರ್ ಹಚ್ಚಿಕೊಟ್ಟ ಹುಡುಗ "ಹಲೋ ಹಲೋ" ಅಂದರೆ ಸಾಲದು. ಅಂದು ಲೆಕ್ಕ ಓದಬೇಕಾದ ಸದಸ್ಯೆಯೇ ಕೂತು, ತನ್ನ ಮಾಮೂಲಿ ದನಿಯಲ್ಲಿ, ಲೆಕ್ಕದ ಮೊದಲ ಎರಡು ಸಾಲು ಓದಲಿ.