ಅಜ್ಜಿಯ ಕೈಯಲ್ಲಿ ಸ್ಮಾರ್ಟ್‌ವಾಚ್: ನೋಡಿಕೊಳ್ಳುವವರು ಯಾರು?



ಹಾರ್ಟ್ ಡಾಕ್ಟರಿಗೆ ಮರೆವಿನ ಕಾಯಿಲೆಯ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಅದಕ್ಕೆ ಕಾರಣ ಒಂದು ವಾಚು.

ವಿಶಾಖಪಟ್ಟಣದ ಕನ್ನಡ ಕುಟುಂಬವೊಂದು ಡಿಮೆನ್ಷಿಯಾ ಇರುವ ಅಜ್ಜಿಯನ್ನು ನನ್ನ ಹತ್ತಿರ ಕರೆತಂದಿತ್ತು. ಅಜ್ಜಿಯ ಕೈಯಲ್ಲಿ ಸ್ಮಾರ್ಟ್‌ವಾಚ್. "ಡಾಕ್ಟ್ರೇ, ಹಾರ್ಟ್ ರೇಟ್ 40ಕ್ಕಿಂತ ಕಡಿಮೆ ಅಂತ ಎರಡು ದಿನದಿಂದ ತೋರಿಸ್ತಿದೆ. ಇವರು ನೋಡಿದ್ರೆ ವಾಚೇ ಕೆಟ್ಟಿದೆ ಅಂತಾರೆ" ಅಂದರು ಸೊಸೆ. ಇಸಿಜಿ ತೆಗೆಸಿದೆ. ವಾಚು ಕೆಟ್ಟಿರಲಿಲ್ಲ.

ಮರೆವಿಗೆ ಕೊಡುವ ಡೊನೆಪೆಜಿಲ್ ಮಾತ್ರೆ ಕೆಲವರಲ್ಲಿ ಹೃದಯದ ಬಡಿತವನ್ನು ನಿಧಾನ ಮಾಡುತ್ತದೆ. ಅಜ್ಜಿಗೆ ಬಿಪಿಗೆಂದು ಮೆಟೊಪ್ರೊಲಾಲ್ ಮೊದಲೇ ನಡೆಯುತ್ತಿತ್ತು. ಅದರ ಗುಣವೂ ಅದೇ. ಒಂದು ಚೀಟಿ ನರರೋಗ ತಜ್ಞರದು, ಇನ್ನೊಂದು ಹಳೆಯ ಫ್ಯಾಮಿಲಿ ಡಾಕ್ಟರದು. ಎರಡೂ ಒಂದೇ ಮೇಜಿನ ಮೇಲೆ ಬಂದದ್ದು ಅವತ್ತೇ. ಮೂರು ವಾರದ ಹಿಂದೆ ಅಜ್ಜಿ ಬಚ್ಚಲಲ್ಲಿ ಬಿದ್ದಿದ್ದರಂತೆ. ವಯಸ್ಸಾಯ್ತಲ್ಲ ಅಂತ ಮನೆಯವರು ಸುಮ್ಮನಾಗಿದ್ದರು.

ನಾವಾದರೆ ತಲೆ ಸುತ್ತುತ್ತಿದೆ ಅಂತ ಬಾಯಿಬಿಟ್ಟು ಹೇಳುತ್ತೇವೆ. ಡಿಮೆನ್ಷಿಯಾ ಇರುವವರು ಎಷ್ಟೋ ಸಲ ಹೇಳುವುದಿಲ್ಲ, ಹೇಳಲು ಆಗುವುದಿಲ್ಲ. ವಾಚಿನ ನಿಜವಾದ ಉಪಯೋಗ ಇರುವುದು ಇಲ್ಲಿ. ಹಾಗಂತ ನಂಬರ್ ನೋಡಿ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಮೆಟೊಪ್ರೊಲಾಲನ್ನು ಥಟ್ಟನೆ ನಿಲ್ಲಿಸುವುದು ಅಪಾಯ. ಎಲ್ಲ ಚೀಟಿಗಳನ್ನೂ ಹಿಡಿದುಕೊಂಡು ಬನ್ನಿ, ಅಷ್ಟು ಸಾಕು. ನಾಡಿ ನಿಧಾನವಾಗಿದ್ದು ತಲೆಸುತ್ತು, ಪ್ರಜ್ಞೆ ತಪ್ಪುವುದು ಇದ್ದರೆ ಅವತ್ತೇ ಬನ್ನಿ.

ನಾಡಿ ಅಡ್ಡಾದಿಡ್ಡಿಯಾಗಿದೆ ಅಂತಲೂ ಕೆಲವು ವಾಚುಗಳು ಎಚ್ಚರಿಸುತ್ತವೆ. ಏಟ್ರಿಯಲ್ ಫಿಬ್ರಿಲೇಷನ್ ಇದ್ದರೆ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು, ಮರೆವೂ ಹೆಚ್ಚಬಹುದು. 2019ರಲ್ಲಿ ಪ್ರಕಟವಾದ ಆಪಲ್ ಹಾರ್ಟ್ ಅಧ್ಯಯನದಲ್ಲಿ 4,19,297 ಮಂದಿ ಇದ್ದರು. ಎಚ್ಚರಿಕೆ ಬಂದದ್ದು ಶೇ. 0.52 ಮಂದಿಗೆ. ಅವರಲ್ಲಿ ಇಸಿಜಿ ಪಟ್ಟಿ ಅಂಟಿಸಿಕೊಂಡು ವಾಪಸ್ ಕಳಿಸಿದವರಲ್ಲಿ ಶೇ. 34 ಮಂದಿಗೆ ಈ ತೊಂದರೆ ಕಂಡಿತು. ಆದ್ದರಿಂದ ವಾಚು ಹೇಳಿತು ಅಂತ ಗಾಬರಿಯಾಗಬೇಡಿ, ಇಸಿಜಿ ಮಾತ್ರ ತಪ್ಪಿಸಬೇಡಿ. ವಾಚು ಸುಮ್ಮನಿದೆ ಅಂದರೆ ಎಲ್ಲ ಸರಿ ಇದೆ ಅಂತಲೂ ಅಲ್ಲ.

ಇನ್ನು ಮನೆ ಬಿಟ್ಟು ಹೋಗುವ ವಿಷಯ. ವಿಜಯವಾಡದಲ್ಲಿ ನನಗೆ ಗೊತ್ತಿರುವ ಹಿರಿಯರೊಬ್ಬರು ರೈಲ್ವೆಯಲ್ಲಿದ್ದವರು. 2003ರವರೆಗೆ ಹುಬ್ಬಳ್ಳಿ ವಿಭಾಗವೂ ದಕ್ಷಿಣ ಮಧ್ಯ ರೈಲ್ವೆಯಲ್ಲೇ ಇತ್ತಲ್ಲ, ಅಲ್ಲಿಂದ ವರ್ಗವಾಗಿ ಬಂದು ಇಲ್ಲೇ ಮನೆ ಮಾಡಿದರು. ಒಂದು ಸಂಜೆ ಮನೆಯಲ್ಲಿ ಇಲ್ಲ. ಮಗ ಮೊಬೈಲ್ ತೆಗೆದು ನೋಡಿದರೆ ಜಿಪಿಎಸ್ ವಾಚು ಮನೆಯಲ್ಲೇ ಇದೆ ಅಂತ ತೋರಿಸುತ್ತಿದೆ. ಹೌದು, ಟಿವಿ ಪಕ್ಕದಲ್ಲಿ ಚಾರ್ಜ್‌ಗೆ ಹಾಕಿತ್ತು! ಅವರು ಸಿಕ್ಕಿದ್ದು ಸ್ಟೇಷನ್ನಿನಲ್ಲಿ, ಹುಬ್ಬಳ್ಳಿಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್‌ಗೆ ಕಾಯುತ್ತ. ಪೊಲೀಸರು ತೆಲುಗಿನಲ್ಲಿ ಕೇಳಿದ್ದಕ್ಕೆಲ್ಲ ಅವರದು ಒಂದೇ ಉತ್ತರ, "ಮನಿಗೆ ಹೋಗಬೇಕ್ರೀ." ಮೂವತ್ತು ವರ್ಷ ಆಡಿದ ತೆಲುಗು ಬಾಯಿಗೆ ಬರಲೇ ಇಲ್ಲ.

ಹೊರನಾಡಿನಲ್ಲಿರುವ ನಾವು ಇದನ್ನು ತಿಳಿದಿರಬೇಕು. ಮರೆವು ಹೆಚ್ಚಾದಂತೆ ಹಲವರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಹೋಗುತ್ತದೆ, ಬಾಲ್ಯದ ಭಾಷೆ ಉಳಿಯುತ್ತದೆ. (ಎರಡು ಭಾಷೆ ಆಡುವುದರಿಂದ ಲಾಭವೂ ಉಂಟು. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ ನಿಮ್ಸ್‌ನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ನೋಡಿ 2013ರಲ್ಲಿ ಬರೆದ ಪ್ರಕಾರ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು.) ಹಾಗಾಗಿ ವಾಚಿನ ಜೊತೆಗೆ ಅಂಗಿ ಜೇಬಿನಲ್ಲಿ ಒಂದು ಚೀಟಿಯೂ ಇರಲಿ. ಹೆಸರು, ಮನೆಯವರ ಮೊಬೈಲ್ ನಂಬರ್, "ಇವರಿಗೆ ಮರೆವಿನ ಕಾಯಿಲೆ, ಕನ್ನಡ ಮಾತ್ರ ಬರುತ್ತದೆ" ಅನ್ನುವ ಮಾತು. ಬರೆಯುವುದು ತೆಲುಗಿನಲ್ಲಿ. ಸಹಾಯ ಮಾಡುವವರು ಓದಬೇಕಲ್ಲ!

ವಾಚನ್ನು ಚಾರ್ಜ್‌ಗೆ ಹಾಕುವುದಾದರೆ ಯಾರಾದರೂ ಪಕ್ಕದಲ್ಲಿ ಕೂತಿರುವಾಗ ಹಾಕಿ, ಸ್ನಾನ ಮಾಡಿಸುವ ಹೊತ್ತು ಒಳ್ಳೆಯದು. ಸಿಮ್ ಇರುವ ವಾಚಾದರೆ ರೀಚಾರ್ಜ್ ಮುಗಿಯದಂತೆ ನೋಡಿಕೊಳ್ಳಿ. ಕಟ್ಟಡದ ಒಳಗೆ ಜಿಪಿಎಸ್ ಹತ್ತಿಪ್ಪತ್ತು ಮೀಟರ್ ಆಚೀಚೆ ತೋರಿಸುವುದು ಮಾಮೂಲು. ಅಪಾರ್ಟ್‌ಮೆಂಟಿನಲ್ಲಿ ಸುಳ್ಳು ಅಲಾರಂ ಬರುತ್ತದೆ ಅಂತ ಬೇಸತ್ತು ಮ್ಯೂಟ್ ಮಾಡಿದವರನ್ನು ನೋಡಿದ್ದೇನೆ. ಮ್ಯೂಟ್ ಮಾಡುವ ಬದಲು ಗಡಿಯನ್ನು ಸ್ವಲ್ಪ ದೊಡ್ಡದು ಮಾಡಿ. ಇನ್ನೂ ಮುಖ್ಯವಾದದ್ದು, ಅಲಾರಂ ಅಮೆರಿಕದಲ್ಲಿರುವ ಮಗನ ಮೊಬೈಲಿಗೆ ಮಾತ್ರ ಹೋದರೆ ಏನು ಪ್ರಯೋಜನ? ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರಬಲ್ಲ ಒಬ್ಬರ ಮೊಬೈಲಿಗೂ ಹೋಗಲಿ, ಪಕ್ಕದ ಮನೆಯ ತೆಲುಗಿನವರಾದರೂ ಸರಿ.

ಕಟ್ಟಿಸಿಕೊಳ್ಳಲು ಎಲ್ಲರೂ ಒಪ್ಪುವುದಿಲ್ಲ. ನಲವತ್ತು ವರ್ಷ ಎಚ್‌ಎಂಟಿ ಕಟ್ಟಿದ ತಾತನಿಗೆ ವಾಚು ಹೊಸದಲ್ಲ. ಬಳೆ ತೊಟ್ಟ ಅಜ್ಜಿ ಕಿತ್ತೆಸೆಯಬಹುದು. ಜಗಳ ಬೇಡ, ಕುತ್ತಿಗೆಗೆ ಹಾಕುವಂಥದ್ದೂ ಜೇಬಿನಲ್ಲಿಡುವಂಥದ್ದೂ ಸಿಗುತ್ತವೆ. ಕಾಯಿಲೆ ಇನ್ನೂ ಶುರುವಿನಲ್ಲಿದ್ದರೆ ಯಾಕೆ ಹಾಕುತ್ತಿದ್ದೇವೆ ಅಂತ ಅವರಿಗೇ ಹೇಳಿ, ಅವರ ಒಪ್ಪಿಗೆ ಕೇಳಿ. ಗುಟ್ಟಾಗಿ ಕಣ್ಣಿಡುವುದು ಯಾರಿಗೂ ಹಿಡಿಸುವುದಿಲ್ಲ.

ಯಾರಾದರೂ ಕಾಣೆಯಾದರೆ ಸಂಜೆವರೆಗೆ ನೋಡೋಣ ಅನ್ನಬೇಡಿ, ತಕ್ಷಣ 112ಕ್ಕೆ ಫೋನ್ ಮಾಡಿ. ಹಿರಿಯರ ಬೇರೆ ತೊಂದರೆಗಳಿಗೆ ಎಲ್ಡರ್ ಲೈನ್ 14567 ಇದೆ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ.

ವಿಶಾಖಪಟ್ಟಣದ ಅಜ್ಜಿಗೆ ಬಿಪಿ ಮಾತ್ರೆ ಬದಲಾಯಿಸಿದೆವು. ಈಗ ನಾಡಿ 60ರ ಮೇಲಿದೆ. ವಾಚನ್ನು ಅವರು ಇನ್ನೂ ಬಳೆ ಅಂದುಕೊಂಡೇ ಹಾಕಿಕೊಳ್ಳುತ್ತಾರೆ.